ಕಂಡವರ ಮನೆ ಕಾಫಿ

ಪವಾಡವನ್ನು ನಂಬದೆ ಇರುವುದು ಅಂಥ ಕಷ್ಟದ ಕೆಲಸವೇನಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿಕೊಂಡು, ಎಲೆಅಡಿಕೆ ಮೆಲ್ಲುತ್ತ, ‘ಅದೆಲ್ಲ ಬೊಗಳೆ ಕಣ್ರೀ’ ಎಂದುಬಿಟ್ಟರೆ ಮುಗಿಯಿತು; ಪವಾಡವೇನೂ ಎದ್ದು ಬಂದು ‘ಯಾಕಪ್ಪಾ ಹಾಗಂದೆ?’ ಎಂದು ಕೇಳುವುದಿಲ್ಲ. ತಾಪತ್ರಯ ಶುರುವಾಗುವುದು ಪವಾಡವನ್ನು ಕಂಡವರ ವಿಷಯದಲ್ಲಿ. ಅವರು ಎದ್ದು ಬರುತ್ತಾರೆ, ಕೇಳುತ್ತಾರೆ, ಮತ್ತು ಬರುವಾಗ ಬರಿಗೈಯಲ್ಲಿ ಬರದೆ ಕೋಡುಬಳೆಯ ಡಬ್ಬಿಯೊಂದನ್ನು ಹಿಡಿದುಕೊಂಡೇ ಬರುತ್ತಾರೆ. ಕೋಡುಬಳೆ ಕಡಿಯುತ್ತ ಅದನ್ನು ಕರಿದವರ ಚಕ್ಷುರಿಂದ್ರಿಯದ ಪ್ರಾಮಾಣ್ಯವನ್ನು ಪ್ರಶ್ನಿಸುವುದು ಎಂಥ ವಿಚಾರವಾದಿಗೂ ಗಂಟಲಲ್ಲಿ ಇಳಿಯದ ಮಾತು.

ಈ ತೊಡಕು ಡೇವಿಡ್ ಹ್ಯೂಮ್ ಎಂಬ ಸ್ಕಾಟ್ಲೆಂಡಿನ ಮಹಾಶಯನಿಗೆ ಹೊಳೆದಂತಿಲ್ಲ. 1748ರಲ್ಲಿ ಅವನು ಪವಾಡಗಳ ಮೇಲೆ ಒಂದು ಪ್ರಕರಣ ಬರೆದ. ಸತ್ತವನು ಎದ್ದು ಕೂತದ್ದನ್ನು ನಾನು ಕಂಡೆ ಎಂದು ಯಾರಾದರೂ ಬಂದು ಹೇಳಿದರೆ ಏನು ಮಾಡಬೇಕು? ಸತ್ತವನು ನಿಜಕ್ಕೂ ಎದ್ದಿರುವುದು ಹೆಚ್ಚು ಅಸಂಭವವೋ, ಹೇಳುತ್ತಿರುವವನು ಮೋಸ ಹೋಗಿರುವುದು ಅಥವಾ ಮೋಸ ಮಾಡುತ್ತಿರುವುದು ಹೆಚ್ಚು ಅಸಂಭವವೋ ತೂಗಿ ನೋಡು, ಯಾವುದು ಹೆಚ್ಚು ಅಸಂಭವವೋ ಅದನ್ನು ಅತ್ತ ತಳ್ಳು ಎಂದ. ತರ್ಕ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ ಕಾಲೇಜಿನಲ್ಲಿ ಓದಿದಾಗ ನಾನು ಎರಡು ದಿನ ನೆಲದ ಮೇಲೆ ಕಾಲಿಡದೆ ಓಡಾಡಿದೆ (ಇದು ಪವಾಡವಲ್ಲ, ಪ್ರಾಯ). ಆದರೆ ಹ್ಯೂಮನ ತಕ್ಕಡಿಯಲ್ಲಿ ಸೋದರತ್ತೆಯನ್ನು ಕೂರಿಸುವುದಕ್ಕೆ ಜಾಗವಿಲ್ಲ. ‘ಅತ್ತೆ, ನೀವು ಮೋಸ ಹೋಗಿರುವ ಸಂಭಾವ್ಯತೆಯು ಪ್ರಕೃತಿನಿಯಮದ ಉಲ್ಲಂಘನೆಯ ಸಂಭಾವ್ಯತೆಗಿಂತ ಅಧಿಕ’ ಎಂದು ಯಾವ ಬಾಯಿಂದ ಹೇಳುವುದು? ಅದೇ ಬಾಯಿಗೆ ಅವರು ಚಿಕ್ಕಂದಿನಲ್ಲಿ ಹರಳೆಣ್ಣೆ ಹಾಕಿದ್ದಾರೆ.

ಸೋದರತ್ತೆ ಎಂದೆ. ನನ್ನ ಅಪ್ಪನ ಅಕ್ಕ, ತುಮಕೂರಿನವರು. ಅವರ ಮನೆಯ ಕಾಫಿಯ ಬಗ್ಗೆಯೇ ಒಂದು ಪ್ರಬಂಧ ಬರೆಯಬಹುದು, ಬರೆಯುವುದಿಲ್ಲ, ಹೆದರಬೇಡಿ. ಅತ್ತೆ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಚೀಟಿ ದುಡ್ಡಿನ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಬಂದಿದ್ದರೂ ಬಿಸಿಲಲ್ಲಿ ನಡೆದುಹೋಗಿ ವಾಪಸು ಕೊಟ್ಟು ಬರುವವರು. ಅಂಥ ಅತ್ತೆ 1995ರ ಸೆಪ್ಟೆಂಬರ್ 21ನೇ ತಾರೀಕು, ಗುರುವಾರ, ಗಣಪತಿ ಹಾಲು ಕುಡಿದದ್ದನ್ನು ಕಣ್ಣಾರೆ ಕಂಡರು.

ನಿಮಗೂ ನೆನಪಿರಬೇಕು. ಹಬ್ಬ ಮುಗಿದು, ಮಣ್ಣಿನ ಗಣಪತಿಗಳೆಲ್ಲ ಕೆರೆಗೆ ಹೋಗಿ, ಇನ್ನು ಮುಂದಿನ ವರ್ಷದವರೆಗೆ ಆ ದೇವರಿಗೆ ವಿಶ್ರಾಂತಿ ಎಂದು ಎಲ್ಲರೂ ತಿಳಿದಿದ್ದ ಸಮಯ. ಬೆಳಗಿನ ಜಾವ ದೆಹಲಿಯ ಗುಡಿಯೊಂದರಲ್ಲಿ ಶುರುವಾದದ್ದು ಮಧ್ಯಾಹ್ನದೊಳಗೆ ದೇಶವನ್ನೆಲ್ಲ ಸುತ್ತಿ, ಸಮುದ್ರ ದಾಟಿ ಲಂಡನ್ನಿನ ಸೌತಾಲ್ ತನಕ ತಲುಪಿತು. ಮೊಬೈಲು ನಮ್ಮ ನಿಮ್ಮ ಕೈಗೆ ಬಾರದ ಕಾಲ; ಎಸ್‌ಟಿಡಿ ಬೂತುಗಳೇ ಅವತ್ತಿನ ದೇವದೂತರು. ಮೂಷಿಕವಾಹನನು ಪ್ರಪಂಚ ಸುತ್ತಲು ಅಪ್ಪ ಅಮ್ಮನಿಗೆ ಪ್ರದಕ್ಷಿಣೆ ಹಾಕಿದ ಕಥೆ ನಮಗೆ ಗೊತ್ತಿತ್ತು. ಈ ಸಲ ಅವನು ಅದನ್ನೂ ಮಾಡಲಿಲ್ಲ, ಕೂತಲ್ಲೇ ಕೂತ, ಟೆಲಿಫೋನಿನವರೇ ಸುತ್ತಿದರು.

ನಾನು ಆಗ ತುಮಕೂರಿನಲ್ಲೇ ಕೆಲಸದಲ್ಲಿದ್ದೆ. ಅತ್ತೆ ಹೇಳಿ ಕಳಿಸಿದರು. ಹಾಲಿನ ಚೊಂಬು ಹೊರುವುದಕ್ಕೆ ಜನ ಬೇಕಿತ್ತು. ಸಾಲು ಗುಡಿಯಿಂದ ಹೊರಟು, ಮೂಲೆಯ ಸೈಕಲ್ ಶಾಪು ದಾಟಿ, ಹಿಂದಿನ ಬೀದಿಗೆ ತಿರುಗಿತ್ತು. ಸಾಲಿನಲ್ಲಿ ಬ್ಯಾಂಕಿನವರಿದ್ದರು, ಮೇಷ್ಟರಿದ್ದರು, ನಾಸ್ತಿಕನೆಂದು ಖ್ಯಾತಿವೆತ್ತ ವಕೀಲರೊಬ್ಬರು ‘ಸುಮ್ನೆ ನೋಡೋಣ ಅಂತ’ ಲೋಟ ಹಿಡಿದು ನಿಂತಿದ್ದರು. ಒಳಗಿಂದ ಹೊರಬಂದವರು ಯಾರೂ ಸುಮ್ಮನೆ ಹೋಗುತ್ತಿರಲಿಲ್ಲ. ‘ಕುಡೀತು ಕಣ್ರೀ, ನನ್ನ ಕೈಯಿಂದ ಕುಡೀತು’ ಎಂದು ಸಾಲಿನ ಉದ್ದಕ್ಕೂ ಹೇಳಿಕೊಂಡೇ ಹೋಗುತ್ತಿದ್ದರು. ಹೀಗೆ ನಮ್ಮ ಸರದಿ ಬರುವ ಹೊತ್ತಿಗೆ ನಾವು ಒಳಗೆ ಏನು ಕಾಣಲಿದ್ದೇವೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಅತ್ತೆ ಚಮಚ ಹಿಡಿದು ಸೊಂಡಿಲಿಗೆ ತಾಗಿಸಿದರು. ಹಾಲು ಮೆಲ್ಲಗೆ ಕಡಿಮೆಯಾಯಿತು, ಆಮೇಲೆ ಇಲ್ಲವಾಯಿತು. ಅತ್ತೆಯ ಕಣ್ಣಲ್ಲಿ ನೀರು. ಹಿಂದೆ ನಿಂತ ನನಗೆ ಕಂಡದ್ದು ದೇವರ ಹೊಟ್ಟೆ ಒದ್ದೆಯಾಗಿರುವುದು, ಕೆಳಗೆ ಹಾಲು ಹರಿದು ಬಚ್ಚಲಿನ ಕಡೆ ಹೋಗುತ್ತಿರುವುದು. ಆದರೆ ಅಷ್ಟು ಜನ ಅಷ್ಟು ಚಮಚ ಎತ್ತುವಲ್ಲಿ ಒಂದಿಷ್ಟು ಚೆಲ್ಲಿರಲೂಬಹುದಲ್ಲ?

ಮಾರನೆಯ ದಿನದ ಪತ್ರಿಕೆಗಳಲ್ಲಿ ವಿವರಣೆ ಬಂತು. ದೆಹಲಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕುಡಿಸಿ ನೋಡಿದ್ದರು. ಚಮಚದ ಅಂಚಿನಲ್ಲಿ ಉಬ್ಬಿ ನಿಂತ ಹಾಲು ಮೇಲ್ಮೈ ಎಳೆತದಿಂದ ಸೊಂಡಿಲಿಗೆ ಅಂಟಿ, ಅಲ್ಲಿಂದ ತೆಳ್ಳನೆಯ ಪೊರೆಯಾಗಿ ಮೈಮೇಲೆ ಇಳಿದುಹೋಗುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಕಾಣುವುದಿಲ್ಲ, ಬಣ್ಣ ಹಾಕಿದರೆ ಕಾಣುತ್ತದೆ. ನಾನು ಇದನ್ನು ಓದಿ ವಿಜಯೋತ್ಸಾಹದಿಂದ ಅತ್ತೆಯ ಮನೆಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲಿದ್ದ ರುಬ್ಬುಗುಂಡಿಗೆ ಚಮಚ ತಾಗಿಸಿದೆ. ಗುಂಡು ಹಾಲು ಕುಡಿಯಿತು. ಸೊಗಸಾಗಿ ಕುಡಿಯಿತು. ಗಣಪತಿಗಿಂತ ಚೆನ್ನಾಗಿ ಕುಡಿಯಿತು ಎಂದರೂ ತಪ್ಪಲ್ಲ. ‘ನೋಡಿ ಅತ್ತೆ!’ ಎಂದೆ.

ಅತ್ತೆ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು, ‘ಅದರಲ್ಲೇನೋ ಆಶ್ಚರ್ಯ? ನಾಮಕರಣದಲ್ಲಿ ಅದೇ ಗುಂಡಪ್ಪನಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ತೂಗಲ್ವಾ? ನಿನಗಿಂತ ಮೊದಲು ನಿನ್ನ ತೊಟ್ಟಿಲಲ್ಲಿ ಮಲಗಿದ್ದು ಅವನೇ. ಮಗು ಹಾಲು ಕುಡಿಯದೆ ಕಾಫಿ ಕುಡಿಯುತ್ತಾ?’ ಎಂದು ನನಗೆ ಕಾಫಿ ಕೊಟ್ಟರು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹ್ಯೂಮನಿಗಿಂತ ಹೆಚ್ಚು ಪೇಚಾಡಿದ್ದಾರೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳಿದರು. ಚಾರ್ವಾಕ ಮಾತ್ರ, ಮಿಕ್ಕದ್ದೆಲ್ಲ ನಿಮ್ಮ ಹೊಟ್ಟೆಪಾಡು, ಪ್ರತ್ಯಕ್ಷವೊಂದೇ ಪ್ರಮಾಣ ಎಂದು ಪಟ್ಟು ಹಿಡಿದ. ಪಾಪ, ಆ ಗುರುವಾರ ಅವನು ನಮ್ಮ ಸಾಲಿನಲ್ಲಿ ನಿಂತಿದ್ದರೆ ಅವನ ಗತಿ ಏನು? ಕಣ್ಣಿಗೆ ಕಂಡದ್ದು ಹಾಲು ಮಾಯವಾದದ್ದು. ಪೊರೆ, ಎಳೆತ ಇವೆಲ್ಲ ಅನುಮಾನದ ಬಾಬತ್ತು. ದೇವರೇ ಇಲ್ಲ ಎಂದವನೇ ಮೊದಲು ಅಡ್ಡಬೀಳಬೇಕಾಗುತ್ತಿತ್ತು. ನ್ಯಾಯಸೂತ್ರದ ಗೌತಮ ಹುಷಾರಿನ ಮನುಷ್ಯ. ಪ್ರತ್ಯಕ್ಷದ ಲಕ್ಷಣ ಹೇಳುವಾಗಲೇ ಅದು ‘ಅವ್ಯಭಿಚಾರಿ’ಯಾಗಿರಬೇಕು, ಅಂದರೆ ಕಣ್ಣು ದಾರಿ ತಪ್ಪಿರಬಾರದು ಎಂದೊಂದು ಷರತ್ತು ಸೇರಿಸಿಬಿಟ್ಟ. ಹಾಗೆ ಸೇರಿಸಿದವನಿಗೂ ಒಬ್ಬ ಸೋದರತ್ತೆ ಇದ್ದಿರಬೇಕೆಂದು ನನ್ನ ಬಲವಾದ ಗುಮಾನಿ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಳ್ಳಿಯವರು ಹೇಳುವುದೂ ಇದನ್ನೇ, ಸೂತ್ರ ಭಾಷ್ಯ ವಾರ್ತಿಕ ಒಂದೂ ಇಲ್ಲದೆ.

ಪರಾಂಬರಿಸುವ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ಮಾಡಿದರಲ್ಲ, ಆಗ ಅಪ್ಪನಿಗೆ ಸ್ವತಃ ತಾವೇ ಸಮಿತಿಯಲ್ಲಿದ್ದಷ್ಟು ಸಂಭ್ರಮ. ವಿಶ್ವವಿದ್ಯಾಲಯಕ್ಕೂ ವಿಭೂತಿಗೂ ಏನು ಸಂಬಂಧ ಎಂದು ಊರಲ್ಲಿ ಕೇಳಿದವರಿಗೆ ಅಪ್ಪ ಜಗಲಿಯ ಮೇಲೇ ಪಾಠ ಮಾಡುತ್ತಿದ್ದರು. ಗಾಳಿಯಲ್ಲಿ ಕೈಯಾಡಿಸಿ ಉಂಗುರ ತರುವವರು ಒಂದು ಕುಂಬಳಕಾಯಿ ತರಲಿ ನೋಡೋಣ ಎಂಬ ಎಚ್ಚೆನ್ ಅವರ ಸವಾಲನ್ನು ಅಪ್ಪ ಎಷ್ಟು ಸಲ ಹೇಳಿದರೆಂದರೆ, ನಮ್ಮ ಮನೆಯಲ್ಲಿ ಕುಂಬಳಕಾಯಿ ಹುಳಿ ಮಾಡಿದ ದಿನ ಅದು ವೈಚಾರಿಕ ಭೋಜನವೆಂದೇ ನನಗೆ ಅನ್ನಿಸುತ್ತಿತ್ತು.

ಅದೇ ಕಾಲದಲ್ಲೇ ನಾವೆಲ್ಲ ಶಿವಗಂಗೆಗೆ ಹೋದದ್ದು. ಅಜ್ಜಿಯ ಹರಕೆ, ಅಪ್ಪ ವಿಜ್ಞಾನಿಯಾದರೂ ಮಗನೂ ಹೌದಾದ್ದರಿಂದ ಹೊರಡಲೇಬೇಕಾಯಿತು. ಶಿವಗಂಗೆಯ ಬೆಟ್ಟ ಸಾಕ್ಷಿಗಳಿಗೆ ಹೇಳಿ ಮಾಡಿಸಿದ ಜಾಗ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ ಎನ್ನುತ್ತಾರೆ. ನಾಲ್ಕು ದಿಕ್ಕಿನ ನಾಲ್ಕು ಸಾಕ್ಷಿಗಳನ್ನು ಕೋರ್ಟಿಗೆ ಕರೆದರೆ ನ್ಯಾಯಾಧೀಶರು ಬೆಟ್ಟವನ್ನೇ ಖುಲಾಸೆ ಮಾಡಿಯಾರು. ಮೇಲೆ ಶಾಂತಲಾ ಡ್ರಾಪ್ ಎಂಬ ಕಡಿದಾದ ಜಾಗವಿದೆ. ಹೊಯ್ಸಳರ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದಕ್ಕೆ ಶ್ರವಣಬೆಳಗೊಳದ ಶಾಸನವಿದೆ. ಹಾರಿದ್ದಕ್ಕೆ ಮಾತ್ರ ಗೈಡುಗಳಿದ್ದಾರೆ, ಯಾವ ಬಂಡೆಯ ಮೇಲೆ ಯಾವ ಕಾಲು ಇಟ್ಟಳು ಎಂಬುದರ ಸಮೇತ.

ಗಂಗಾಧರೇಶ್ವರನ ಗುಡಿಯಲ್ಲಿ ಲಿಂಗಕ್ಕೆ ತುಪ್ಪ ಸವರಿ ಉಜ್ಜಿದರೆ ಬೆಣ್ಣೆಯಾಗುತ್ತದೆ. ಇದನ್ನು ನಾನೂ ಕಂಡಿದ್ದೇನೆ, ನಮ್ಮ ಬೆನ್ನ ಹಿಂದಿದ್ದ ಸಾಲಿನವರೆಲ್ಲ ಕಂಡಿದ್ದಾರೆ. ಹಳದಿಯಾಗಿ ಹೋದದ್ದು ಬೆಳ್ಳಗೆ ಮೆತ್ತಗೆ ಹಿಂದಿರುಗುತ್ತದೆ. ಬೆಣ್ಣೆ ಕಾಯಿಸಿದರೆ ತುಪ್ಪ, ಆದರೆ ತುಪ್ಪ ಹಿಂದಕ್ಕೆ ನಡೆದು ಬೆಣ್ಣೆಯಾಗುವುದು ಉಂಟೇ ಎಂದು ಅಜ್ಜಿ ಮಗನ ಮುಖ ನೋಡಿದಳು. ಅಪ್ಪ ಆಗ ಏನೂ ಹೇಳಲಿಲ್ಲ. ವಾರಗಟ್ಟಲೆ ಆದ ಮೇಲೆ ತಾಮ್ರದ ತಟ್ಟೆಯಲ್ಲಿ ತುಪ್ಪ ಹಾಕಿ, ತಣ್ಣೀರು ಬೆರೆಸಿ ಉಜ್ಜುತ್ತ ಕೂತಿದ್ದರು. ಆಯುರ್ವೇದದಲ್ಲಿ ಶತಧೌತ ಘೃತ ಅಂತ ಇದೆ ಕಣೋ, ತುಪ್ಪವನ್ನು ನೂರು ಸಲ ನೀರಲ್ಲಿ ತೊಳೆದರೆ ನೀರು ಸೇರಿಕೊಂಡು ಬೆಣ್ಣೆಯ ಹಾಗೆ ಬೆಳ್ಳಗಾಗುತ್ತೆ, ಚರ್ಮಕ್ಕೆ ಹಚ್ಚುತ್ತಾರೆ, ಒದ್ದೆ ಕಲ್ಲಿನ ಮೇಲೂ ಹೀಗೇ ಆಗುತ್ತಿರಬೇಕು ಎಂದರು. ನೂರು ಸಲ ತೊಳೆಯುವ ತಾಳ್ಮೆ ಅವರಿಗಿರಲಿಲ್ಲ, ಅಮ್ಮನಿಗೆ ತುಪ್ಪ ದಂಡವಾಗುವುದನ್ನು ಸಹಿಸುವ ತಾಳ್ಮೆಯೂ ಇರಲಿಲ್ಲ. ಪ್ರಯೋಗ ಬೆಳ್ಳಗಾಗುವ ಸೂಚನೆ ತೋರುವಷ್ಟರಲ್ಲಿ ನಿಂತುಹೋಯಿತು.

ಆದರೆ ನಾನು ಹೇಳಬೇಕೆಂದಿದ್ದದ್ದು ತುಪ್ಪದ ವಿಷಯವಲ್ಲ. ಬೆಟ್ಟ ಹತ್ತುವಾಗ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯಲ್ಲಿ ಒಂದು ಕುಳಿ. ತೋಳು ಇಳಿಬಿಟ್ಟು ತಡಕಬೇಕು. ಪುಣ್ಯವಂತರ ಕೈಗೆ ನೀರು ಸಿಗುತ್ತದೆ, ಮಿಕ್ಕವರಿಗೆ ಇಲ್ಲ. ಈ ವ್ಯವಸ್ಥೆಯನ್ನು ಯಾರು ರೂಪಿಸಿದರೋ, ಸಾಕ್ಷ್ಯಶಾಸ್ತ್ರದಲ್ಲಿ ಅವರಿಗೆ ಡಾಕ್ಟರೇಟ್ ಕೊಡಬೇಕು. ಎಲ್ಲರ ಎದುರಿಗೆ ಬಗ್ಗಿ, ತೋಳು ತೂರಿಸಿ, ಎದ್ದು ನಿಂತು, ‘ನನಗೆ ಸಿಗಲಿಲ್ಲ’ ಎಂದು ಹೆಂಡತಿಯ ಮುಂದೆ, ನಾದಿನಿಯ ಮುಂದೆ, ಪರಸ್ಥಳದ ಅಪರಿಚಿತರ ಮುಂದೆ ಘೋಷಿಸುವ ಗಂಡಸು ಎಲ್ಲಿದ್ದಾನೆ? ನನ್ನ ಮುಂದೆ ಅಪ್ಪ ಇದ್ದರು, ಅಪ್ಪನ ಹಿಂದೆ ಒತ್ತಿಕೊಂಡು ಅಜ್ಜಿ. ಅಪ್ಪ ತೋಳು ಇಳಿಬಿಟ್ಟರು, ತಡಕಿದರು, ಇನ್ನೂ ಬಗ್ಗಿದರು. ‘ಸಿಕ್ತೇನೋ?’ ಎಂದಳು ಅಜ್ಜಿ. ‘ಸಿಕ್ತು’ ಎಂದು ಅಪ್ಪ ಎದ್ದು, ಬೆರಳನ್ನು ತಲೆಗೆ ಒರೆಸಿಕೊಂಡರು. ಹತ್ತಿರವೇ ನಿಂತಿದ್ದ ನನಗೆ ಆ ಬೆರಳುಗಳು ಕಾಣುತ್ತಿದ್ದವು, ಒಣಗಿದ್ದವು. ಅಜ್ಜಿ ಊರಿಗೆ ಬಂದು ಮನೆಮನೆಗೂ ಹೇಳಿದಳು: ಸಯನ್ಸ್ ಓದಿದ ನನ್ನ ಮಗನಿಗೇ ಸಿಕ್ಕಿತು ಕಣ್ರೇ.

ದೊಡ್ಡವನಾದ ಮೇಲೆ, ಅಜ್ಜಿ ಹೋದ ಮೇಲೆ, ಒಮ್ಮೆ ಕೇಳಿದೆ. ಅಪ್ಪ ನಾಚಲೂ ಇಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. ‘ಹಿಂದೆ ಅಮ್ಮ ನಿಂತಿದ್ದಳಲ್ಲೋ’ ಎಂದರು, ಅಷ್ಟೆ. ಪವಾಡದ ಸಾಕ್ಷಿಗಳ ವಿಷಯದಲ್ಲಿ ನಾನು ಓದಿದ ಗ್ರಂಥಗಳಲ್ಲೆಲ್ಲ ಸಾಕ್ಷಿ ಎಂಬವನು ಒಬ್ಬನೇ ಬಯಲಲ್ಲಿ ನಿಂತಿರುತ್ತಾನೆ. ನಾನು ಕಂಡ ಸಾಕ್ಷಿಗಳ ಹಿಂದೆಲ್ಲ ಯಾರೋ ಒಬ್ಬರು ಒತ್ತಿಕೊಂಡು ನಿಂತೇ ಇರುತ್ತಾರೆ.

ಎಲ್ಲ ಕಡೆ ಇದು ಇಷ್ಟು ಹಗುರವಾದ ವಿಷಯವಲ್ಲ. ಶಬರಿಮಲೆಯ ಮಕರವಿಳಕ್ಕನ್ನು ನೋಡಲು ನಮ್ಮ ಕಡೆಯಿಂದ ಮಾಲೆ ಹಾಕಿಕೊಂಡು ಹೋಗುವವರು ಎಷ್ಟು ಜನವೆಂದು ನಿಮಗೆ ಗೊತ್ತು. ಪೊನ್ನಂಬಲಮೇಡಿನಲ್ಲಿ ಬೆಳಕು ಕಂಡಿತು ಎಂದು ಅವರು ಹೇಳಿದರೆ ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಬೆಳಕು ಕಂಡೇ ಕಾಣುತ್ತದೆ. 2011ರ ಜನವರಿ 14ರ ರಾತ್ರಿ, ಅದನ್ನು ನೋಡಿ ಹಿಂದಿರುಗುವಾಗ ಪುಲ್ಲುಮೇಡಿನ ನೂಕುನುಗ್ಗಲಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಕನ್ನಡಿಗರೂ ಇದ್ದರು. ಆಮೇಲೆ ಹೈಕೋರ್ಟು ಕೇಳಿದಾಗ ದೇವಸ್ವಂ ಮಂಡಳಿಯವರು ದೀಪ ಹಚ್ಚುವುದು ಮನುಷ್ಯರೇ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೂ ಸಾಲು ಕರಗಲಿಲ್ಲ. ನನ್ನ ಪರಿಚಯದ ಗುರುಸ್ವಾಮಿಯೊಬ್ಬರನ್ನು ಕೇಳಿದರೆ, ‘ಮನೆಯ ದೇವರ ದೀಪ ಹಚ್ಚೋದು ಯಾರು ಸ್ವಾಮಿ, ದೇವರಾ?’ ಎಂದರು. ನನ್ನ ಬಳಿ ಇದಕ್ಕೆ ಉತ್ತರವಿಲ್ಲ, ಆದರೆ ದೀಪ ಹಚ್ಚುವವರು ಜನ ಇಳಿಯುವ ದಾರಿಯಲ್ಲೂ ನಾಲ್ಕು ದೀಪ ಹಚ್ಚಬಹುದಿತ್ತಲ್ಲ ಎಂಬ ಸಿಟ್ಟು ಮಾತ್ರ ಇದೆ.

ಇರಲಿ. ಕಂಡವರ ಮಾತಿಗೆ ಇನ್ನೊಂದು ಗುಣವಿದೆ: ಅದು ಬೆಳೆಯುತ್ತದೆ. ಹಗ್ಗದ ಮಾಯೆ ಎಂದು ನೀವು ಕೇಳಿರಬಹುದು. ಗಾರುಡಿಗ ಹಗ್ಗವನ್ನು ಮೇಲಕ್ಕೆಸೆದರೆ ಅದು ನೆಟ್ಟಗೆ ನಿಲ್ಲುತ್ತದೆ, ಹುಡುಗನೊಬ್ಬ ಹತ್ತಿ ಮಾಯವಾಗುತ್ತಾನೆ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೇರುವಂತೆ ಕಾಣುವ ಮಾಯಾವಿ ಬೇರೆ, ನೆಲದ ಮೇಲೆ ನಿಂತಿರುವ ನಿಜವಾದ ಮಾಯಾವಿ ಬೇರೆ ಎಂದು ಇದನ್ನೇ ಹೋಲುವ ದೃಷ್ಟಾಂತ ಕೊಟ್ಟಿದ್ದಾರೆ. ಆಚಾರ್ಯರಿಗೆ ಅದು ದೃಷ್ಟಾಂತ. ಬಿಳಿಯರಿಗೆ ಅದು ಸುದ್ದಿಯಾಯಿತು. 1890ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಇಬ್ಬರು ಅಮೆರಿಕನ್ನರು ಭಾರತದಲ್ಲಿ ಇದನ್ನು ಕಂಡರೆಂದು ಬರೆದು, ಕೆಲವೇ ತಿಂಗಳಲ್ಲಿ ಅದು ನಾವೇ ಕಟ್ಟಿದ ಕಥೆ ಎಂದು ಒಪ್ಪಿಕೊಂಡಿತು. ಒಪ್ಪಿಗೆಯನ್ನು ಯಾರೂ ಓದಲಿಲ್ಲ. ಭಾರತದಲ್ಲಿ ಅಧಿಕಾರ ನಡೆಸಿ ನಿವೃತ್ತರಾಗಿ ಹೋದ ದೊರೆಗಳು ‘ನಾನೂ ಕಂಡಿದ್ದೆ’ ಎಂದು ಒಬ್ಬೊಬ್ಬರಾಗಿ ಎದ್ದು ನಿಂತರು. 1934ರಲ್ಲಿ ಲಂಡನ್ನಿನ ಜಾದೂಗಾರರ ಸಂಘ ಮಾಡಿ ತೋರಿಸಿದವರಿಗೆ ಐನೂರು ಗಿನಿ ಬಹುಮಾನ ಎಂದಿತು, ಯಾರೂ ಗೆಲ್ಲಲಿಲ್ಲ. 1996ರಲ್ಲಿ ರಿಚರ್ಡ್ ವೈಸ್‌ಮನ್, ಪೀಟರ್ ಲಾಮಾಂಟ್ ಎಂಬಿಬ್ಬರು ಈ ಕಂಡವರ ಹೇಳಿಕೆಗಳನ್ನೆಲ್ಲ ರಾಶಿ ಹಾಕಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಂಡದ್ದಕ್ಕೂ ಹೇಳಿದ್ದಕ್ಕೂ ನಡುವೆ ವರ್ಷಗಳು ಎಷ್ಟು ಹೆಚ್ಚೋ, ಹೇಳಿಕೆ ಅಷ್ಟೂ ಅದ್ಭುತವಾಗಿತ್ತಂತೆ.

ಅತ್ತೆಯ ಹಾಲಿಗೂ ಹೀಗೇ ಆಯಿತು. ಮೊದಲ ವರ್ಷ ಒಂದು ಚಮಚ. ಆಮೇಲೆ ಅರ್ಧ ಲೋಟ. ಮೊಮ್ಮಕ್ಕಳು ಹುಟ್ಟುವ ಹೊತ್ತಿಗೆ ಸೊಂಡಿಲು ಒಂಚೂರು ಅಲುಗಾಡಿತ್ತು. ಅತ್ತೆ ಒಂದು ಸಲವೂ ಸುಳ್ಳು ಹೇಳಲಿಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ. ಪ್ರತಿ ಸಲ ಅವರು ನೆನಪಿಸಿಕೊಂಡದ್ದನ್ನೇ ಹೇಳಿದರು. ನೆನಪೇ ಹಿಂದಿನ ಸಲ ಹೇಳಿದ್ದರಿಂದ ಮಾಡಿದ್ದಾಗಿತ್ತು. ಈ ಕಥೆಯ ಇತ್ತೀಚಿನ ಪರಿಷ್ಕೃತ ಆವೃತ್ತಿಯಲ್ಲಿ ನಾನೂ ಒಂದು ಪಾತ್ರ: ಹಿಂದೆ ಚೊಂಬು ಹಿಡಿದು ನಿಂತು ನಗುತ್ತಿದ್ದ ನಾಸ್ತಿಕ, ಹಾಲು ಇಳಿದದ್ದು ನೋಡಿ ಚೊಂಬನ್ನೇ ಕೈಬಿಟ್ಟ.

ಸಾಕ್ಷಿಯನ್ನು ಏನು ಕೇಳುತ್ತೇವೆ ಎನ್ನುವುದರ ಮೇಲೂ ಸಾಕ್ಷಿ ಏನು ಕಂಡ ಎನ್ನುವುದು ನಿಂತಿದೆಯಂತೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಒಂದಷ್ಟು ಜನಕ್ಕೆ ಕಾರುಗಳು ತಾಗಿದಾಗ ವೇಗ ಎಷ್ಟಿತ್ತು ಎಂದೂ, ಇನ್ನೊಂದಷ್ಟು ಜನಕ್ಕೆ ನುಜ್ಜುಗುಜ್ಜಾಗುವಂತೆ ಗುದ್ದಿದಾಗ ವೇಗ ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ, ಒಡೆದ ಗಾಜು ಕಂಡಿರಾ ಎಂದು ಕೇಳಿದರೆ, ‘ತಾಗಿದ’ 50 ಜನರಲ್ಲಿ 7 ಮಂದಿ ಹೌದೆಂದರು, ‘ಗುದ್ದಿದ’ 50ರಲ್ಲಿ 16 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆ ಗುರುವಾರ ತುಮಕೂರಿನ ಬೀದಿಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಕುಡೀತಾ?’

ಮೊನ್ನೆ ಅತ್ತೆಯ ಮೊಮ್ಮಗಳ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೇವೆ. ಎಂಬತ್ತು ದಾಟಿದ ಅತ್ತೆ, ಬೇಡವೆಂದರೂ ಕೇಳದೆ, ಒಬ್ಬಟ್ಟು ಬಡಿಸುತ್ತ ಬಂದರು. ಒಬ್ಬಟ್ಟಿನ ಜೊತೆ ಹಾಲು, ಹಾಲಿನ ಜೊತೆ ಗಣಪತಿ. ಕಥೆ ಸೊಂಡಿಲಿನ ಹತ್ತಿರ ಬಂದಾಗ ಬೀಗರ ಕಡೆಯ ಯಾರೋ ಸಣ್ಣಗೆ ನಕ್ಕರು. ‘ನಗಬೇಡಿ, ಇವನೇ ಇದ್ದ, ಕೇಳಿ ಬೇಕಾದರೆ’ ಎಂದು ಅತ್ತೆ ನನ್ನ ಎಲೆಯ ಮುಂದೆ ನಿಂತುಬಿಟ್ಟರು. ಪಂಕ್ತಿಯ ಮುಖಗಳೆಲ್ಲ ನನ್ನ ಕಡೆ. ಹ್ಯೂಮ್, ಗೌತಮ, ಎಚ್ಚೆನ್, ಎಲ್ಲರನ್ನೂ ಮನಸ್ಸಿನಲ್ಲಿ ನೆನೆದೆ; ಒಬ್ಬರೂ ಎಲೆಯ ಮುಂದೆ ಬರಲಿಲ್ಲ.

‘ಚಮಚದಲ್ಲಿದ್ದ ಹಾಲು ಹೋದದ್ದಂತೂ ನಿಜ’ ಎಂದೆ.

ಅತ್ತೆ ಬೀಗರ ಕಡೆ ನೋಡಿದ ನೋಟದಲ್ಲಿ ಕೇಸು ಗೆದ್ದ ಗತ್ತಿತ್ತು. ಆಗ ನನ್ನ ಪಕ್ಕದ ಎಲೆಯ ಹುಡುಗ, ಪಿಯುಸಿ ಓದುವವನು, ಮೊಬೈಲಿನಿಂದ ತಲೆ ಎತ್ತಿ, ‘ಎಲ್ಲಿಗೆ ಅಂಕಲ್?’ ಎಂದ.

‘ನಿನಗೆ ಒಬ್ಬಟ್ಟಿಗೆ ಹಾಲು ಹಾಕಲೋ, ತುಪ್ಪ ಹಾಕಲೋ?’ ಎಂದರು ಅತ್ತೆ.

ಹುಡುಗ ತುಪ್ಪ ಎಂದ.